ಮಕ್ಕಳ ಮೇಳದ ಹಿಂದೆ ಹೆತ್ತವರ ಹೆಜ್ಜೆ



ಶೇಂಗಾ ಮನೆ ಸೇರಿದ ಮೇಲೆ ನಮ್ಮ ಬಯಲುಸೀಮೆಯಲ್ಲಿ ಜಾತ್ರೆಗಳ ಕಾಲ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ತೇರಿನಿಂದ ಹಿಡಿದು ದೇವಸಮುದ್ರ, ರಾಂಪುರ, ಮೊಳಕಾಲ್ಮೂರು ಸುತ್ತಿನ ಸಣ್ಣ ಹಳ್ಳಿಗಳ ಹಬ್ಬದವರೆಗೆ ಎಲ್ಲಿ ನೋಡಿದರೂ ಪೆಂಡಾಲು, ಮೈಕು, ನಾಟಕ, ರಸಮಂಜರಿ. ಅದರ ಬೆನ್ನಿಗೇ ಮದುವೆಗಳು. ಈ ದಿನಗಳಲ್ಲಿ ಕೆಲವು ಮನೆಗಳ ಹುಡುಗರು ಕೀಬೋರ್ಡು, ಡೋಲಕ್ಕು, ಗಿಟಾರುಗಳನ್ನು ಟೆಂಪೋಕ್ಕೆ ಏರಿಸಿಕೊಂಡು ಹೊರಟುಬಿಡುತ್ತಾರೆ. ಇಂದು ಬಳ್ಳಾರಿ, ನಾಳೆ ರಾಯದುರ್ಗ, ನಾಡಿದ್ದು ದಾವಣಗೆರೆ. ಬೆಂಗಳೂರಿಗೆ ಓದಲು ಹೋದ ಮಗ ಅಲ್ಲೇ ಒಂದು ಬ್ಯಾಂಡು ಕಟ್ಟಿಕೊಂಡ ಸುದ್ದಿಯೂ ಬರುತ್ತದೆ.

ಮಗನಿಗೆ ಇಪ್ಪತ್ತೈದು ತುಂಬಿದೆ. ಅವನ ದುಡಿಮೆ, ಅವನ ಇಷ್ಟ. ಆದರೂ ರಾತ್ರಿ ಎರಡು ಗಂಟೆಗೆ ತಾಯಿಗೆ ಎಚ್ಚರವಾಗುತ್ತದೆ. ಊಟ ಮಾಡಿದನೋ ಇಲ್ಲವೋ, ಗಾಡಿ ಓಡಿಸುವವನು ನಿದ್ದೆಗಣ್ಣಿನಲ್ಲಿದ್ದಾನೋ, ಜೊತೆಯವರು ಕುಡಿಯುವವರೋ ಎಂದು ಮನಸ್ಸು ತಳಮಳಿಸುತ್ತದೆ. ಒಮ್ಮೆ ನಾನೂ ಅವರ ಜೊತೆ ಹೋಗಿಬರಲೇ ಎಂದು ಕೇಳಿದರೆ, "ಅವ್ವಾ, ನೀನು ಬಂದ್ರೆ ಹುಡುಗ್ರು ನಗ್ತಾರೆ" ಎಂಬ ಉತ್ತರ.

ಬೆಳೆದ ಮಕ್ಕಳ ಹಿಂದೆ ಹೆತ್ತವರು ಹೋಗಬಹುದೇ? ಹೋದರೆ ಹೇಗೆ ಹೋಗಬೇಕು? ಈ ವಾರದ ಪಾಠ ಇದು. ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ನಿಜವಾಗಿ ಬದುಕಿದ ಕೆಲವು ತಂದೆತಾಯಂದಿರನ್ನು ನೋಡೋಣ. ಅವರಿಂದ ನಮಗೆ ಬೇಕಾದ್ದನ್ನು ತೆಗೆದುಕೊಳ್ಳೋಣ.

1. ಇದು ಹೊಸ ಚಿಂತೆಯಲ್ಲ

ಊರೂರು ತಿರುಗುವ ಕಲೆ ನಮ್ಮ ನಾಡಿಗೆ ಹಳೆಯದು. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿ ಹಲವು ದಶಕಗಳ ಕಾಲ ಊರಿಂದ ಊರಿಗೆ ಡೇರೆ ಎತ್ತಿಕೊಂಡು ಹೋಯಿತು. ಅಂಥ ಕಂಪನಿಗಳಲ್ಲಿ ನಟರ ಹಿಂದೆ ಸಂಸಾರವೂ ಸಾಗುತ್ತಿತ್ತು. ಪಾತ್ರೆ ಪಡಗ, ಕೂಸು ಕುನ್ನಿ ಎಲ್ಲವೂ ಕ್ಯಾಂಪಿಗೆ ಬರುತ್ತಿದ್ದವು. ವರನಟ ಡಾ. ರಾಜ್‌ಕುಮಾರರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ಹೆಸರಾಂತ ನಟರು. ಮಗ ಬಣ್ಣ ಹಚ್ಚುವುದನ್ನು ಕಲಿತದ್ದು ತಂದೆಯ ನೆರಳಿನಲ್ಲೇ. ಅಲ್ಲಿ ತಂದೆ ಮಗನನ್ನು ಹಿಂಬಾಲಿಸುವ ಪ್ರಶ್ನೆಯೇ ಇರಲಿಲ್ಲ; ಇಬ್ಬರದೂ ಒಂದೇ ದಾರಿ, ಒಂದೇ ಅನ್ನ.

ಈಗ ಹಾಗಲ್ಲ. ಅಪ್ಪ ಮಗ್ಗದಲ್ಲೋ ಹೊಲದಲ್ಲೋ ಕಚೇರಿಯಲ್ಲೋ ಇರುತ್ತಾನೆ. ಮಗ ವೇದಿಕೆಯ ಮೇಲೆ. ಕನ್ನಡದ ಹಾಡು ಹೋಗುವ ದೂರವೂ ಹೆಚ್ಚಿದೆ. ಶಿಶುನಾಳ ಷರೀಫರ ಪದಗಳನ್ನು ಗಿಟಾರಿನೊಂದಿಗೆ ಹಾಡುವ ರಘು ದೀಕ್ಷಿತ್ ಅವರ ತಂಡ 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿತು. ಆದ್ದರಿಂದ ಬ್ಯಾಂಡು ಎಂದರೆ ಹೊತ್ತು ಕಳೆಯುವ ಚಟ ಎಂದು ತಳ್ಳಿಹಾಕುವ ಕಾಲ ಮುಗಿದಿದೆ. ಅದೂ ಒಂದು ದುಡಿಮೆ. ಹೆಸರು ಬಂದವರು ಕೆಲವರು, ಬೆವರು ಸುರಿಸುವವರು ಹಲವರು.

2. ಹುಡುಕಿಕೊಂಡು ಹೋದ ತಂದೆ

ಗದಗಿನ ಕಡೆಯ ಒಬ್ಬ ಶಾಲಾ ಮಾಸ್ತರರು ಗುರುರಾಜ ಜೋಶಿ. 1922ರಲ್ಲಿ ಹುಟ್ಟಿದ ಅವರ ಮಗನಿಗೆ ಸಂಗೀತದ ಹುಚ್ಚು. ಬೀದಿಯಲ್ಲಿ ಭಜನೆಯ ಮೇಳವೋ ಬ್ಯಾಂಡಿನ ಮೆರವಣಿಗೆಯೋ ಹೋದರೆ ಸಾಕು, ಹುಡುಗ ಅದರ ಹಿಂದೆಯೇ. ದಣಿದಲ್ಲಿ ಮಲಗಿಬಿಡುತ್ತಿದ್ದ. ಹುಡುಕಿ ಹುಡುಕಿ ಸಾಕಾದ ತಂದೆ ಕೊನೆಗೆ ಅವನ ಅಂಗಿಯ ಮೇಲೆ 'ಜೋಶಿ ಮಾಸ್ತರರ ಮಗ' ಎಂದು ಬರೆದರು. ನೋಡಿದವರು ಮನೆಗೆ ತಂದು ಬಿಡುತ್ತಿದ್ದರು.

1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಆ ಹುಡುಗ ಗುರುವನ್ನು ಅರಸಿ ಮನೆ ಬಿಟ್ಟು ಓಡಿದ. ಗ್ವಾಲಿಯರ್, ಲಖನೌ, ರಾಮಪುರ, ಕಲ್ಕತ್ತ, ದೆಹಲಿ ಎಂದು ಸುಮಾರು ಮೂರು ವರ್ಷ ಉತ್ತರದಲ್ಲಿ ಅಲೆದ. ತಂದೆ ಕೈಬಿಡಲಿಲ್ಲ. ಕೊನೆಗೆ ಪಂಜಾಬಿನ ಜಲಂಧರದಲ್ಲಿ ಮಗನನ್ನು ಪತ್ತೆಹಚ್ಚಿ ಮನೆಗೆ ಕರೆತಂದರು. ಆ ಹುಡುಗನೇ ಪಂಡಿತ್ ಭೀಮಸೇನ ಜೋಶಿ. 2008ರಲ್ಲಿ ಅವರಿಗೆ ಭಾರತರತ್ನ ಸಂದಿತು.

ಇಲ್ಲಿ ಗಮನಿಸಬೇಕಾದದ್ದು ಮರಳಿ ಬಂದ ಮೇಲಿನ ಮಾತು. ಮಗ ಮನೆಗೆ ಬಂದ. ಸಂಗೀತ ಬಿಡಲಿಲ್ಲ, ಅದನ್ನು ಬಿಡಿಸಲೂ ಇಲ್ಲ. 1936ರಲ್ಲಿ ಸವಾಯಿ ಗಂಧರ್ವರು ಅವರನ್ನು ಶಿಷ್ಯನಾಗಿ ಒಪ್ಪಿಕೊಂಡರು. ಅಷ್ಟು ದೂರ ಹುಡುಕಿದ ಗುರು ಸಿಕ್ಕಿದ್ದು ತಮ್ಮ ಸೀಮೆಯ ಕುಂದಗೋಳದಲ್ಲೇ. ಹುಡುಕಿ ತಂದ ಮಗನನ್ನು ಕೋಣೆಯೊಳಗೆ ಕೂಡಿಹಾಕಿದ್ದರೆ ನಾಡು ಒಬ್ಬ ಗಾಯಕನನ್ನು ಕಳೆದುಕೊಳ್ಳುತ್ತಿತ್ತು, ಆ ತಂದೆ ಬಹುಶಃ ಮಗನನ್ನೇ ಕಳೆದುಕೊಳ್ಳುತ್ತಿದ್ದರು.

ಇನ್ನೊಂದು ಮಾತು. ಹನ್ನೊಂದರ ಹುಡುಗನ ಅಂಗಿಯ ಮೇಲೆ ಹೆಸರು ಬರೆಯುವುದು ಪ್ರೀತಿ. ಇಪ್ಪತ್ತೈದರ ಮಗನ ಅಂಗಿಯ ಮೇಲೂ ಬರೆಯಹೊರಟರೆ ಅದು ಬೇರೆಯೇ ಆಗುತ್ತದೆ. ದಿನಕ್ಕೆ ಹತ್ತು ಸಲ ಫೋನು ಮಾಡಿ 'ಎಲ್ಲಿದ್ದೀಯ' ಎಂದು ಕೇಳುವುದು ಇಂದಿನ ಅಂಗಿಯ ಬರಹ.

3. ತನ್ನ ಹಾಡನ್ನು ಬಿಟ್ಟುಕೊಟ್ಟ ತಾಯಿ

ಧಾರವಾಡದ ಅಂಬಾಬಾಯಿ ಕರ್ನಾಟಕ ಸಂಗೀತದ ಒಳ್ಳೆಯ ಗಾಯಕಿ. ಮಗಳು ಗಂಗೂಬಾಯಿ, ಹುಟ್ಟಿದ್ದು 1913ರಲ್ಲಿ. ಮಗಳ ಒಲವು ಹಿಂದೂಸ್ತಾನಿ ಸಂಗೀತದ ಕಡೆಗೆ. ಒಂದೇ ಮನೆಯಲ್ಲಿ ಎರಡು ಪದ್ಧತಿ ಕಿವಿಗೆ ಬಿದ್ದರೆ ಮಗಳ ಕಲಿಕೆ ಕಲಬೆರಕೆಯಾದೀತು ಎಂದು ತಾಯಿ ತನ್ನ ಹಾಡುಗಾರಿಕೆಯನ್ನೇ ನಿಲ್ಲಿಸಿದರು. ಮಗಳು ಮುಂದೆ ಗಂಗೂಬಾಯಿ ಹಾನಗಲ್ ಎಂದು ದೇಶವೆಲ್ಲ ಬಲ್ಲ ಗಾಯಕಿಯಾದರು. 2002ರಲ್ಲಿ ಪದ್ಮವಿಭೂಷಣ ಬಂತು. ಮುಂದಿನ ತಲೆಮಾರಿನಲ್ಲಿ ಗಂಗೂಬಾಯಿಯವರ ಮಗಳು ಕೃಷ್ಣಾ ವೇದಿಕೆಯ ಮೇಲೆ ತಾಯಿಯ ಹಿಂದೆ ಕುಳಿತು ದನಿಗೂಡಿಸಿದರು.

ಎಲ್ಲ ತಾಯಂದಿರೂ ಹೀಗೆ ತಮ್ಮ ಕಲೆಯನ್ನು ಬಲಿಕೊಡಬೇಕು ಎಂದು ಇದರ ಅರ್ಥವಲ್ಲ. ಮಕ್ಕಳಿಗೆ ದಾರಿ ಬಿಡಲು ಹೆತ್ತವರು ಕೆಲವೊಮ್ಮೆ ಒಂದು ಹೆಜ್ಜೆ ಹಿಂದೆ ಸರಿಯಬೇಕಾಗುತ್ತದೆ ಎಂಬುದಷ್ಟೇ ಅರ್ಥ. ಮೊಳಕಾಲ್ಮೂರಿನ ಮಗ್ಗದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಸು ಬಿಗಿಯಾಗಿ ನಿಂತಿರುತ್ತದೆ, ಲಾಳಿ ಓಡಾಡುತ್ತದೆ. ಹಾಸೂ ಓಡತೊಡಗಿದರೆ ಸೀರೆಯಾಗುವುದಿಲ್ಲ.

4. ಪ್ಯಾರಿಸ್ಸಿಗೆ ಹೋದ ತಾಯಿ, ವಿಯೆನ್ನಾಕ್ಕೆ ಹೋದ ತಂದೆ

ಬೆಳೆದ ಮಗನ ಸಂಗೀತ ಯಾತ್ರೆಯಲ್ಲಿ ನಿಜವಾಗಿಯೂ ಹೊರಟುಹೋದ ಒಬ್ಬ ತಾಯಿಯ ಕಥೆ ಯೂರೋಪಿನಲ್ಲಿದೆ. ಮಗ ಮೊಜಾರ್ಟ್. ಊರು ಆಸ್ಟ್ರಿಯಾದ ಸಾಲ್ಸ್‌ಬರ್ಗ್. ಕಥೊಲಿಕ ಕುಟುಂಬ. ಬಾಲ್ಯದಲ್ಲಿ ಮಗನನ್ನು ದೇಶದೇಶಗಳಿಗೆ ಕರೆದೊಯ್ದು ನುಡಿಸಿದವರು ತಂದೆ ಲಿಯೊಪೋಲ್ಡ್. 1777ರಲ್ಲಿ ಇಪ್ಪತ್ತೊಂದರ ಮಗ ಕೆಲಸ ಹುಡುಕಿಕೊಂಡು ಹೊರಟಾಗ ತಂದೆಗೆ ರಜೆ ಸಿಗಲಿಲ್ಲ. ಮಗನಿಗೆ ಹಣದ ಲೆಕ್ಕ ತಿಳಿಯದು, ಜನರನ್ನು ನಂಬಿಬಿಡುತ್ತಾನೆ ಎಂದು ಅವರಿಗೆ ಭಯ. ಆದ್ದರಿಂದ ತಾಯಿ ಆನ್ನಾ ಮರಿಯಾ ಜೊತೆಗೆ ಹೊರಟರು. ಆಗ ಅವರಿಗೆ ಐವತ್ತಾರು ವರ್ಷ.

ಆ ವರ್ಷ ಸೆಪ್ಟೆಂಬರ್ 23ರಂದು ಹೊರಟವರು ಮ್ಯೂನಿಕ್, ಆಗ್ಸ್‌ಬರ್ಗ್, ಮ್ಯಾನ್‌ಹೈಮ್ ದಾಟಿ 1778ರ ಮಾರ್ಚ್ 23ರಂದು ಪ್ಯಾರಿಸ್ ಮುಟ್ಟಿದರು. ಸರಿಯಾಗಿ ಆರು ತಿಂಗಳು. ಮ್ಯಾನ್‌ಹೈಮಿನಲ್ಲಿ ಮಗ ಒಬ್ಬ ಹಾಡುಗಾರ್ತಿಗೆ ಮನಸೋತ. ಅವಳ ಕುಟುಂಬದೊಡನೆ ಇಟಲಿಗೆ ಹೋಗುವ ಯೋಚನೆ ಮಾಡಿದ. ಅವನು ಊಟಕ್ಕೆ ಹೋಗಿದ್ದ ಹೊತ್ತಿನಲ್ಲಿ ತಾಯಿ ಅವನ ಪತ್ರದ ಕೊನೆಗೆ ಗುಟ್ಟಾಗಿ, ಅವಸರದಲ್ಲಿ, ಗಂಡನಿಗೆ ನಾಲ್ಕು ಸಾಲು ಸೇರಿಸಿದರು. ಹೊಸ ಸ್ನೇಹ ಸಿಕ್ಕಿದರೆ ಮಗ ತನ್ನನ್ನೇ ಮರೆಯುತ್ತಾನೆ ಎಂಬುದು ಅವರ ಅಳಲು. ತಂದೆಯ ಕಟ್ಟಪ್ಪಣೆ ಬಂತು: ಕೂಡಲೇ ಪ್ಯಾರಿಸ್ಸಿಗೆ ಹೋಗು. ಮನೆಗೆ ಮರಳಬೇಕಿದ್ದ ತಾಯಿಯೂ ಕಾವಲಿಗಾಗಿ ಪ್ಯಾರಿಸ್ಸಿಗೇ ಹೋಗಬೇಕಾಯಿತು.

ಪ್ಯಾರಿಸ್ಸಿನಲ್ಲಿ ಮಗ ದಿನವೆಲ್ಲ ಹೊರಗೆ. ತಾಯಿ ಕತ್ತಲ ಕೋಣೆಯಲ್ಲಿ ಒಬ್ಬರೇ. ಬಿಸಿಲು ಕಾಣದ ಅಂಗಳ, ತಿಳಿಯದ ಭಾಷೆ, ಸೇರದ ಊಟ. ಸೆರೆಮನೆಯಲ್ಲಿ ಕೂತಂತಿದೆ ಎಂದು ಅವರು ಊರಿಗೆ ಬರೆದರು. ಜೂನ್ ತಿಂಗಳಲ್ಲಿ ಹಾಸಿಗೆ ಹಿಡಿದರು. ಪಾಪನಿವೇದನೆ ಮಾಡಿ, ಪ್ರಸಾದ ಸ್ವೀಕರಿಸಿ, ಅಂತಿಮ ಅಭ್ಯಂಗ ಪಡೆದು 1778ರ ಜುಲೈ 3ರ ರಾತ್ರಿ ತೀರಿಕೊಂಡರು. ಹಾಸಿಗೆಯ ಬದಿಯಲ್ಲಿ ಮಗನಿದ್ದ. ತಂದೆಗೆ ಅವನು ಮೊದಲು ಬರೆದದ್ದು ತಾಯಿಗೆ ಬಹಳ ಕಾಯಿಲೆ ಎಂದು ಮಾತ್ರ. ನಿಜ ಸಂಗತಿಯನ್ನು ಊರಿನ ಗುರುಗಳೊಬ್ಬರಿಗೆ ತಿಳಿಸಿ, ತಂದೆಯ ಮನಸ್ಸನ್ನು ಮೆಲ್ಲಗೆ ಸಿದ್ಧಪಡಿಸಲು ಬೇಡಿಕೊಂಡ.

ಈ ಕಥೆಯಲ್ಲಿ ಯಾರನ್ನು ದೂರೋಣ? ತಾಯಿಯದು ಪ್ರೀತಿ, ತಂದೆಯದು ಆತಂಕ, ಮಗನದು ಯೌವನ. ಆದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಆ ತಾಯಿ ಹಾಡು ಕೇಳಲು ಹೋದವರಲ್ಲ, ಕಾಯಲು ಹೋದವರು. ಕಾಯುವ ಕೆಲಸದಲ್ಲಿ ಅವರ ಬದುಕೇ ಮರೆಗೆ ಸರಿಯಿತು. ಅವರ ಒಂಟಿತನವನ್ನು ಮಗನೂ ಸಾಕಷ್ಟು ಕಾಣಲಿಲ್ಲ.

ಏಳು ವರ್ಷ ಕಳೆದ ಮೇಲೆ, 1785ರ ಫೆಬ್ರವರಿಯಲ್ಲಿ, ತಂದೆ ಲಿಯೊಪೋಲ್ಡ್ ವಿಯೆನ್ನಾಕ್ಕೆ ಮಗನ ಮನೆಗೆ ಹೋದರು. ಮಗ ಅಷ್ಟರಲ್ಲಿ ತಂದೆಯ ಮಾತು ಮೀರಿ ಅಲ್ಲಿ ನೆಲೆಸಿ, ಅವರಿಗೆ ಒಪ್ಪಿಗೆಯಿಲ್ಲದ ಮದುವೆಯನ್ನೂ ಆಗಿದ್ದ. ಹೋದ ದಿನವೇ ಕಛೇರಿ. ನಕಲುಗಾರ ಇನ್ನೂ ಸ್ವರಗಳನ್ನು ಬರೆಯುತ್ತಲೇ ಇದ್ದ. ಮರುದಿನ ಸಂಜೆ ಮನೆಯಲ್ಲಿ ಹಿರಿಯ ಸಂಗೀತಗಾರ ಹೈಡನ್, ತಾನು ಬಲ್ಲವರಲ್ಲೆಲ್ಲ ನಿಮ್ಮ ಮಗನೇ ಶ್ರೇಷ್ಠ ಎಂದು ಆ ತಂದೆಯ ಮುಂದೆ ದೇವರ ಸಾಕ್ಷಿಯಾಗಿ ಹೇಳಿದರು. ಲಿಯೊಪೋಲ್ಡ್ ಅಲ್ಲಿ ಹತ್ತು ವಾರ ಇದ್ದರು. ಮಗನ ಪಿಯಾನೊ ಕಛೇರಿಗೆಂದು ಮನೆಯಿಂದ ಹನ್ನೆರಡು ಸಲವಾದರೂ ಹೊತ್ತೊಯ್ದದ್ದನ್ನು ಎಣಿಸಿ ಮಗಳಿಗೆ ಬರೆದರು. ಆ ಹತ್ತು ವಾರ ಮಗನಿಗೆ ದಾರಿ ತೋರಿಸುವ ಕೆಲಸ ಅವರಿಗಿರಲಿಲ್ಲ. ಅತಿಥಿಯಾಗಿ ಕುಳಿತು ಕೇಳಿದರು. ಎರಡು ವರ್ಷಗಳ ನಂತರ ಅವರು ತೀರಿಕೊಂಡರು. ಆ ಹತ್ತು ವಾರಗಳು ಇಬ್ಬರಿಗೂ ಉಳಿದ ಆಸ್ತಿ.

5. ಶುಭಸಂದೇಶದಲ್ಲಿ ಹಿಂಬಾಲಿಸಿದ ಒಬ್ಬ ತಾಯಿ

ಶುಭಸಂದೇಶದಲ್ಲೂ ಊರೂರು ತಿರುಗುವ ಒಂದು ಸಣ್ಣ ತಂಡವಿದೆ. ಅದರ ಜೊತೆಗೆ ಹೋಗುತ್ತಿದ್ದ ಸ್ತ್ರೀಯರು ತಮ್ಮ ಗಂಟಿನಿಂದಲೇ ತಂಡದ ಖರ್ಚು ನೋಡಿಕೊಳ್ಳುತ್ತಿದ್ದರು ಎಂದು ಸಂತ ಲೂಕರು ಬರೆಯುತ್ತಾರೆ. ಗಲಿಲೇಯದಿಂದ ಹಿಂಬಾಲಿಸಿ ಬಂದವರಲ್ಲಿ ಯಕೋಬ, ಯೊವಾನ್ನರ ತಾಯಿ, ಜೆಬೆದಾಯನ ಹೆಂಡತಿಯೂ ಒಬ್ಬಳು.

ಸಂತ ಮತ್ತಾಯರು ಅವಳನ್ನು ಎರಡು ಸಲ ತೋರಿಸುತ್ತಾರೆ. ಮೊದಲನೆಯ ಸಲ ಅವಳು ಯೇಸುವಿನ ಮುಂದೆ ಮೊಣಕಾಲೂರಿ ತನ್ನ ಇಬ್ಬರು ಮಕ್ಕಳಿಗೆ ಬಲಕ್ಕೊಂದು, ಎಡಕ್ಕೊಂದು ಪೀಠ ಕೇಳುತ್ತಾಳೆ. ಉಳಿದ ಹತ್ತು ಮಂದಿಗೆ ಸಿಟ್ಟು ಬರುತ್ತದೆ. ತಂಡದ ಯಜಮಾನನ ಬಳಿ ಹೋಗಿ 'ನನ್ನ ಮಗನಿಗೆ ಒಂದು ಸೋಲೋ ಹಾಡು ಕೊಡಿ' ಎಂದು ಕೇಳುವ ತಾಯಂದಿರು ಇವಳ ಕಷ್ಟವನ್ನು ಬಲ್ಲರು! ಅಂಥ ಮಾತಿನಿಂದ ಇಡೀ ತಂಡ ಕೆಡುತ್ತದೆ, ಮಗನ ತಲೆ ತಗ್ಗುತ್ತದೆ.

ಎರಡನೆಯ ಸಲ ಅವಳು ಕಾಣುವುದು ಶಿಲುಬೆಯ ಬಳಿ, ದೂರದಲ್ಲಿ ನಿಂತು ನೋಡುತ್ತಿರುವ ಸ್ತ್ರೀಯರ ನಡುವೆ. ಅಲ್ಲಿ ಕೇಳಲು ಪೀಠವಿಲ್ಲ, ಚಪ್ಪಾಳೆ ಇಲ್ಲ. ಆದರೂ ನಿಂತಿದ್ದಾಳೆ. ಸೋತ ದಿನವೂ ಜೊತೆಗಿರುವುದನ್ನು ಅವಳು ಕಲಿತಿದ್ದಳು.

ಸಂತ ಮೋನಿಕಾಳನ್ನೂ ನೆನೆಯೋಣ. 383ರಲ್ಲಿ ಮಗ ಅಗಸ್ಟೀನ್ ಅವಳಿಗೆ ಸುಳ್ಳು ಹೇಳಿ ರಾತ್ರೋರಾತ್ರಿ ಹಡಗು ಹತ್ತಿ ರೋಮಿಗೆ ಹೋದ. ಅವಳು ಕಡಲು ದಾಟಿ ಮಿಲಾನಿನವರೆಗೆ ಬೆನ್ನತ್ತಿ ಹೋದಳು. ಆದರೆ ಅದಕ್ಕೆ ಮೊದಲೇ ಆಫ್ರಿಕದ ಒಬ್ಬ ಧರ್ಮಾಧ್ಯಕ್ಷರು ಅವಳಿಗೆ ಬುದ್ಧಿ ಹೇಳಿದ್ದರು: ಅವನೊಡನೆ ವಾದ ಬೇಡ, ಅವನಿಗಾಗಿ ಪ್ರಾರ್ಥಿಸು. ಮಿಲಾನಿನಲ್ಲಿ ಸಂತ ಆಂಬ್ರೋಸರ ದೇವಾಲಯದಲ್ಲಿ ಜನ ಹಾಡುತ್ತಿದ್ದ ಸ್ತೋತ್ರಗೀತೆಗಳನ್ನು ಕೇಳಿ ಆ ಮಗ ಕಣ್ಣೀರಿಟ್ಟ. 387ರ ಪಾಸ್ಕ ಜಾಗರಣೆಯಲ್ಲಿ ದೀಕ್ಷಾಸ್ನಾನ ಪಡೆದ. ತಾಯಿಯ ಮಾತು ತೆರೆಯದ ಬಾಗಿಲನ್ನು ಕೆಲವೊಮ್ಮೆ ಹಾಡು ತೆರೆಯುತ್ತದೆ.

6. ಹಾಗಾದರೆ ನಾವು ಮಾಡಬೇಕಾದ್ದೇನು?

ಅ) ಕೇಳಿ ಹೋಗಿರಿ. ಹೇಳದೆ ಕೇಳದೆ ಪೆಂಡಾಲಿನ ಹಿಂದೆ ನಿಲ್ಲಬೇಡಿ. ವರ್ಷಕ್ಕೆ ಒಂದೆರಡು ಕಾರ್ಯಕ್ರಮಕ್ಕೆ ಮಗ ಅಥವಾ ಮಗಳು ಆರಿಸಿದ ಊರಿಗೆ ಹೋಗಿ, ಎಲ್ಲರಂತೆ ಕುರ್ಚಿಯಲ್ಲಿ ಕುಳಿತು ಕೇಳಿರಿ. ವೇದಿಕೆಯ ಹಿಂದಕ್ಕೆ ಕರೆದರೆ ಮಾತ್ರ ಹೋಗಿರಿ. ತಂಡದ ಉಳಿದ ಮಕ್ಕಳನ್ನೂ ಹೆಸರು ಹಿಡಿದು ಮಾತಾಡಿಸಿರಿ. ಅವರ ತಾಯಿಯೂ ಎಲ್ಲೋ ಎಚ್ಚರವಾಗಿರುತ್ತಾಳೆ.

ಆ) ರಾತ್ರಿ ಪ್ರಯಾಣದ ಬಗ್ಗೆ ಗಟ್ಟಿಯಾಗಿ ಮಾತಾಡಿರಿ. ಇದೊಂದರಲ್ಲಿ ಸಂಕೋಚ ಬೇಡ. ಕಾರ್ಯಕ್ರಮ ಮುಗಿಸಿ ದಣಿದವನೇ ನಡುರಾತ್ರಿ ಸ್ಟೇರಿಂಗು ಹಿಡಿಯಬಾರದು. ಬೇರೆ ಡ್ರೈವರ್ ಇರಲಿ, ಅವನು ಹಗಲು ಮಲಗಿರಲಿ. ಆಗದಿದ್ದರೆ ಅಲ್ಲೇ ತಂಗಿ ಬೆಳಿಗ್ಗೆ ಹೊರಡಲಿ. ಕುಡಿದವನ ಗಾಡಿ ಹತ್ತುವುದಿಲ್ಲ ಎಂಬ ನಿಯಮವನ್ನು ತಂಡವೇ ಮಾಡಿಕೊಳ್ಳಲಿ.

ಇ) ಕಿವಿಯನ್ನು ಕಾಪಾಡಿಕೊಳ್ಳಲು ಹೇಳಿರಿ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ಕೇಳಬಹುದು ಎಂಬುದು ತಜ್ಞರ ಒಂದು ಅಳತೆ. ಅದಕ್ಕಿಂತ ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬೆಲ್ಲಿನಲ್ಲಿ ಉಳಿಯುವುದು 15 ನಿಮಿಷ. ಡ್ರಮ್ಮಿನ ಪಕ್ಕದಲ್ಲಿ ಮೂರು ಗಂಟೆ ನಿಲ್ಲುವ ಹುಡುಗನಿಗೆ ಕಿವಿಗೆ ಇಡುವ ಬಿರಡೆ ಕೊಡಿಸುವುದು ಹೊಸ ಅಂಗಿ ಕೊಡಿಸುವುದಕ್ಕಿಂತ ಒಳ್ಳೆಯ ಉಡುಗೊರೆ. 2000ದ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವರ್ಷದಲ್ಲಿ ಕೆಲವೇ ಹಬ್ಬದ ದಿನಗಳಲ್ಲಿ ಸರ್ಕಾರ 12ರವರೆಗೆ ಬಿಡಬಹುದು. ಈ ನಿಯಮ ಪಾಲಿಸಿದರೆ ಹುಡುಗರಿಗೆ ಒಂದಿಷ್ಟು ನಿದ್ದೆಯೂ ಸಿಗುತ್ತದೆ.

ಈ) ಲೆಕ್ಕ ಕಲಿಸಿರಿ, ಲೆಕ್ಕ ಕೇಳಬೇಡಿ. ಮುಂಗಡ ಎಷ್ಟು, ಬಾಕಿ ಎಷ್ಟು, ಗಾಡಿ ಬಾಡಿಗೆ ಯಾರದು, ಪಾಲು ಹೇಗೆ ಎಂದು ಮೊದಲೇ ಚೀಟಿಯಲ್ಲಿ ಬರೆಸಿಕೊಳ್ಳಲಿ. ಒಂದು ನೋಟುಪುಸ್ತಕ ಇಡಲಿ. ಹಣದ ಜಗಳದಿಂದ ಮುರಿದ ತಂಡಗಳು ಕಡಿಮೆಯಲ್ಲ.

ಉ) ಭಾನುವಾರದ ವಿಚಾರ. ಶನಿವಾರ ರಾತ್ರಿ ನುಡಿಸಿದವನು ಬೆಳಗಿನ ಪೂಜೆಗೆ ಏಳಲಾರ ಎಂದು ಮನೆಯಲ್ಲಿ ಜಗಳ ಬೇಡ. ಶನಿವಾರ ಸಂಜೆಯ ಬಲಿಪೂಜೆಯೂ ಭಾನುವಾರದ ಕರ್ತವ್ಯಕ್ಕೆ ಸಲ್ಲುತ್ತದೆ ಎಂದು ಧರ್ಮಸಭೆಯ ಕಾನೂನೇ ಹೇಳುತ್ತದೆ. ಹೋದ ಊರಿನಲ್ಲಿ ದೇವಾಲಯ ಎಲ್ಲಿದೆ, ಸಂಜೆ ಪೂಜೆ ಇದೆಯೇ ಎಂದು ಮುಂಚೆಯೇ ವಿಚಾರಿಸಿ ತಿಳಿಸಿದರೆ ಗದರುವುದಕ್ಕಿಂತ ಹೆಚ್ಚು ಉಪಯೋಗ.

ಊ) ನಿಮ್ಮ ಕಷ್ಟವನ್ನೂ ಹೇಳಿಕೊಳ್ಳಿರಿ. ಆನ್ನಾ ಮರಿಯಾಳಂತೆ ಕತ್ತಲ ಕೋಣೆಯಲ್ಲಿ ಒಬ್ಬರೇ ಕೂರಬೇಡಿ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ಮುಗಿದಿದ್ದರೆ, ಒಂಟಿತನ ಕಾಡಿದರೆ ಮಗನಿಗೆ ತಿಳಿಸಿರಿ. 'ಅವನ ಕಾರ್ಯಕ್ರಮ ಕೆಡಬಾರದು' ಎಂದು ಕಾಯಿಲೆ ಮುಚ್ಚಿಡುವುದು ತ್ಯಾಗವಲ್ಲ. ಮುಂದೆ ಅದು ಮಗನ ಎದೆಯ ಮೇಲಿನ ಕಲ್ಲಾಗುತ್ತದೆ.

ಋ) ಬಾಗಿಲು ತೆರೆದಿರಲಿ. ತಂಡ ಒಡೆಯಬಹುದು, ಹಾಡು ಓಡದಿರಬಹುದು, ಸಾಲ ಆಗಬಹುದು. ಆಗ 'ಅವತ್ತೇ ಹೇಳಿದ್ದೆ' ಎಂಬ ಮಾತು ನುಂಗಿಕೊಂಡು ಮೊದಲು ರೊಟ್ಟಿ ಬಡಿಸಿರಿ. ಮುಂದಿನ ದಾರಿಯ ಮಾತು ಮರುದಿನ ಆಡಿದರೂ ಆದೀತು.

7. ಮನೆಯಲ್ಲಿ ಕುಳಿತು ಮಾತಾಡಲು

– ನಮ್ಮ ಮಗ ಅಥವಾ ಮಗಳು ಮಾಡುವ ಕೆಲಸವನ್ನು ನಾವು ಒಮ್ಮೆಯಾದರೂ ಪೂರ್ತಿ ಕುಳಿತು ನೋಡಿದ್ದೇವೆಯೇ?
– ನಾವು ಫೋನು ಮಾಡುವುದು ಅವರ ಕ್ಷೇಮಕ್ಕಾಗಿಯೋ, ನಮ್ಮ ಭಯ ಕಳೆಯಲಿಕ್ಕಾಗಿಯೋ?
– ಮಕ್ಕಳೇ, ನಿಮ್ಮ ಹೆತ್ತವರು ಬಂದರೆ ನಿಮಗೆ ನಾಚಿಕೆ ಯಾವುದರ ಬಗ್ಗೆ? ಅವರು ಬಾರದಿದ್ದರೆ ಕಳೆದುಕೊಳ್ಳುವುದೇನು?
– ಗುರುರಾಜ ಜೋಶಿ, ಅಂಬಾಬಾಯಿ, ಆನ್ನಾ ಮರಿಯಾ, ಲಿಯೊಪೋಲ್ಡ್, ಜೆಬೆದಾಯನ ಹೆಂಡತಿ: ಇವರಲ್ಲಿ ನಾವು ಯಾರಿಗೆ ಹತ್ತಿರ? ಯಾರಂತೆ ಆಗಬೇಕು?

ಮುಂದಿನ ಜಾತ್ರೆಗೋ ಮದುವೆಗೋ ನಿಮ್ಮ ಮಗನ ತಂಡ ಹತ್ತಿರದ ಊರಿಗೆ ಬಂದರೆ ಒಂದು ಮಾತು ಕೇಳಿ ನೋಡಿರಿ: "ನಾವೂ ಬರಬಹುದೇನಪ್ಪಾ?" ಹೂಂ ಎಂದರೆ ಬುತ್ತಿ ಕಟ್ಟಿಕೊಂಡು ಹೊರಡಿರಿ. ಬೇಡ ಎಂದರೆ ಬುತ್ತಿಯನ್ನಷ್ಟೇ ಕಳಿಸಿರಿ, ಇಡೀ ತಂಡಕ್ಕೆ ಸಾಲುವಷ್ಟು.